ಅಗ್ಗದ ನಾಣ್ಯ, ದುಬಾರಿ ಅಜ್ಞಾನ

ಹಳೆಯ ನಾಣ್ಯಗಳನ್ನು ಕೂಡಿಸಿಡುವ ಹವ್ಯಾಸವು ಒಂದು ಕಾಲದಲ್ಲಿ ಅರಸುಮನೆತನದವರಿಗೂ, ಬಿಡುವಿದ್ದ ಅಧಿಕಾರಿಗಳಿಗೂ, ಕೆಲವೇ ಮಂದಿ ಪಂಡಿತರಿಗೂ ಮೀಸಲಾಗಿದ್ದಿತು. ಇಂದು ಹಾಗಿಲ್ಲ. ಶಾಲೆಯ ಹುಡುಗನಿಂದ ಮೊದಲ್ಗೊಂಡು ಪಿಂಚಣಿ ಪಡೆಯುವ ಗುಮಾಸ್ತರವರೆಗೆ ಎಲ್ಲ ವರ್ಗದವರೂ ಇದರಲ್ಲಿ ಕೈಹಾಕಿದ್ದಾರೆ. ಪ್ರದರ್ಶನಗಳಲ್ಲಿ ನಾಣ್ಯದ ಮಳಿಗೆಗಳ ಮುಂದೆ ಜನರು ಕಿಕ್ಕಿರಿಯುವುದನ್ನು ನೋಡಿದರೆ, ನಾಡಿನ ಹಿಂದಿನ ಸಂಗತಿಗಳಲ್ಲಿ ನಮ್ಮವರಿಗೆ ಆಸಕ್ತಿಯೇ ಇಲ್ಲವೆಂದು ದೂರುವವರ ಮಾತು ಸುಳ್ಳೆನಿಸುತ್ತದೆ. ಇದು ಸಂತೋಷಪಡತಕ್ಕ ವಿಷಯ. ಆದರೆ ಅದೇ ಮಳಿಗೆಯ ಮುಂದೆ ಒಂದು ಗಳಿಗೆ ನಿಂತು ಅಲ್ಲಿಯ ಮಾತುಕತೆಗೆ ಕಿವಿಗೊಟ್ಟರೆ ಸಂತೋಷದೊಡನೆ ಕಳವಳವೂ ಉಂಟಾಗುತ್ತದೆ. “ಇದು ಯಾರ ಕಾಲದ್ದು?” ಎಂದು ಕೇಳುವವರು ಕಡಮೆ, “ಮುಂದೆ ಇದಕ್ಕೆ ಎಷ್ಟು ಬಂದೀತು?” ಎಂದು ಕೇಳುವವರೇ ಹೆಚ್ಚು.

ಅಗ್ಗಕ್ಕೆ ಕೊಳ್ಳಬೇಕೆಂಬ ಆಸೆಯನ್ನು ನಾವು ಹಳಿಯುವುದಿಲ್ಲ. ಸಂತೆಗೆ ಹೋದವರೆಲ್ಲರಿಗೂ ಆ ಆಸೆ ಇದ್ದದ್ದೇ. ಆದರೆ ಈ ವ್ಯಾಪಾರದಲ್ಲಿ ಅಗ್ಗವೆಂಬುದು ಹುಟ್ಟುವ ಬಗೆಯನ್ನು ಸ್ವಲ್ಪ ವಿಚಾರಿಸಬೇಕು. ಕೊಡುವವನು ಅರಿಯದುದನ್ನು ಕೊಳ್ಳುವವನು ಅರಿತಿದ್ದರೆ ಕೊಂಡದ್ದು ಅಗ್ಗವಾಗುತ್ತದೆ. ಕೊಳ್ಳುವವನು ಅರಿಯದುದನ್ನು ಕೊಡುವವನು ಅರಿತಿದ್ದರೆ ಕೊಂಡದ್ದು ಮೋಸವಾಗುತ್ತದೆ. ಈ ಇಬ್ಬರಲ್ಲದೆ, ಮಾತುಕತೆಯಲ್ಲಿ ಸೇರದ ಮೂರನೆಯದೊಂದು ಪಕ್ಷವೂ ಉಂಟು. ಅದು ನಾಡಿನ ಚರಿತ್ರೆ. ಕೊಟ್ಟವನಿಗೆ ಲಾಭವಾಗಿ, ಕೊಂಡವನಿಗೆ ತೃಪ್ತಿಯಾಗಿ, ಈ ಮೂರನೆಯ ಪಕ್ಷಕ್ಕೆ ಮಾತ್ರ ತುಂಬಲಾರದ ನಷ್ಟವಾಗುವ ವ್ಯಾಪಾರಗಳು ನಮ್ಮಲ್ಲಿ ನಡೆಯುತ್ತಲೇ ಇವೆ. ಸಂಗ್ರಾಹಕರು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಮೊದಲು ಪರಾಂಬರಿಸಿ, ಆಮೇಲೆ ಈ ದೊಡ್ಡ ನಷ್ಟದ ಮಾತಿಗೆ ಬರುತ್ತೇವೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದುದು ಪವಾಡದ ಬೆಲೆಯ ಭ್ರಮೆಯನ್ನು. ವೈಷ್ಣೋದೇವಿಯ ಚಿತ್ರವುಳ್ಳ ಐದು ರೂಪಾಯಿಯ ನಾಣ್ಯವೊಂದು ನಿಮ್ಮಲ್ಲಿದ್ದರೆ ಲಕ್ಷಗಟ್ಟಲೆ ಹಣ ಬರುತ್ತದೆಂಬ ಸುದ್ದಿಯನ್ನು ಮೊಬೈಲಿನಲ್ಲಿ ನೋಡದವರು ವಿರಳ. ಆ ನಾಣ್ಯವು 2012ರಲ್ಲಿ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ರಜತೋತ್ಸವಕ್ಕಾಗಿ ಹೊರಟು, ಚಲಾವಣೆಯಲ್ಲಿ ಎಲ್ಲರ ಕೈಗೂ ಬಂದದ್ದು. ಅದಕ್ಕೆ ಲಕ್ಷ ರೂಪಾಯಿ ಕೊಡುವ ಮರುಳನು ಎಲ್ಲಿಯೂ ಇಲ್ಲ. ಆದರೆ ಕೊಡುತ್ತೇವೆಂದು ನಂಬಿಸಿ, ಅದಕ್ಕೆ ಮುಂಚಿತವಾಗಿ ನೋಂದಣಿಯ ಶುಲ್ಕ, ತೆರಿಗೆ, ದಳ್ಳಾಳಿಯ ಹಣ ಎಂದು ಒಂದೊಂದಾಗಿ ಕಿತ್ತುಕೊಳ್ಳುವವರು ಬೇಕಾದಷ್ಟು ಇದ್ದಾರೆ. ರಿಜರ್ವ್ ಬ್ಯಾಂಕಿನ ಹೆಸರನ್ನೇ ಮುಂದಿಟ್ಟುಕೊಂಡು ಈ ವಂಚನೆಯು ನಡೆಯಲಾಗಿ, 2021ರ ಆಗಸ್ಟಿನಲ್ಲಿ ಆ ಬ್ಯಾಂಕು ತಾನು ಇಂಥ ವ್ಯವಹಾರದಲ್ಲಿ ತೊಡಗಿಲ್ಲವೆಂದೂ, ಇದಕ್ಕಾಗಿ ಯಾರಿಂದಲೂ ಯಾವ ಶುಲ್ಕವನ್ನೂ ಕೇಳುವುದಿಲ್ಲವೆಂದೂ ಬಹಿರಂಗವಾಗಿ ಪ್ರಕಟಿಸಬೇಕಾಯಿತು. ಅಕ್ಕಿಯ ಕಾಳನ್ನು ಸೆಳೆಯುವ ತಾಮ್ರದ ನಾಣ್ಯವೆಂದು ಹೇಳಿ, ಕಾಳಿನೊಳಗೆ ಕಬ್ಬಿಣದ ಚೂರನ್ನಡಗಿಸಿ, ಸುಶಿಕ್ಷಿತರ ಮನೆಗಳನ್ನೇ ಹಾಳುಮಾಡಿದ ತಂಡಗಳ ಸಮಾಚಾರವೂ ವಾಚಕರಿಗೆ ಹೊಸದಲ್ಲ. ಅತಿಯಾಸೆ ಗತಿಕೇಡೆಂಬ ಗಾದೆಯನ್ನು ಬಾಯಲ್ಲಿ ಹೇಳುತ್ತಲೇ ನಾವು ಹಣವನ್ನು ಎಣಿಸಿ ಕೊಡುತ್ತಿದ್ದೇವೆ.

ಎರಡನೆಯದು ಭಕ್ತಿಯನ್ನು ಬಂಡವಾಳ ಮಾಡಿಕೊಂಡ ಮೋಸ. ಒಂದು ಕಡೆ ಶ್ರೀರಾಮನ ಪಟ್ಟಾಭಿಷೇಕದ ಚಿತ್ರ ಅಥವಾ ಆಂಜನೇಯನ ಚಿತ್ರ, ಇನ್ನೊಂದು ಕಡೆ “ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1616” ಅಥವಾ “1818” ಎಂದು ಅಚ್ಚಾದ ತಾಮ್ರ ಹಿತ್ತಾಳೆಗಳ ಬಿಲ್ಲೆಗಳನ್ನು ಕ್ಷೇತ್ರಗಳ ಬೀದಿಯಲ್ಲಿ ರಾಶಿಹಾಕಿ ಮಾರುತ್ತಾರೆ. ಕಂಪನಿಯು ಇಂಥ ನಾಣ್ಯವನ್ನು ಎಂದಿಗೂ ಅಚ್ಚುಹಾಕಲಿಲ್ಲ. 1616ರಲ್ಲಿ ಅದಕ್ಕೆ ಈ ದೇಶದಲ್ಲಿ ಕೆಲವು ಉಗ್ರಾಣಗಳಿದ್ದುವೇ ಹೊರತು ರಾಜ್ಯವಿರಲಿಲ್ಲ. ಇವೆಲ್ಲ ಈಚಿನವರು ಅಚ್ಚೊತ್ತಿದ ಬಿಲ್ಲೆಗಳು. ರಾಮಟಂಕಗಳೆಂಬವು ನಿಜವಾಗಿಯೂ ಉಂಟು. ಆದರೆ ಅವು ದೇವಸ್ಥಾನಗಳಲ್ಲಿ ಕೊಡುತ್ತಿದ್ದ, ದೇವರ ಮನೆಯಲ್ಲಿ ಇಟ್ಟು ಪೂಜಿಸುತ್ತಿದ್ದ ಮುದ್ರಿಕೆಗಳು. ಅಂಗಡಿಯಲ್ಲಿ ಚಲಾವಣೆಯಾದ ಹಣವಲ್ಲ. ಪೂಜೆಗೆಂದು ಕೊಳ್ಳುವವರು ಕೊಳ್ಳಲಿ, ನಮ್ಮ ಆಕ್ಷೇಪಣೆ ಇಲ್ಲ. ನಾಲ್ಕು ನೂರು ವರ್ಷಗಳ ನಾಣ್ಯವೆಂದು ನಂಬಿ ಸಾವಿರಾರು ರೂಪಾಯಿಗಳನ್ನು ಮಾತ್ರ ಸುರಿಯಬಾರದು.

ಮೂರನೆಯ ತಪ್ಪು ಹಳೆಯದೆಲ್ಲವೂ ಅಪರೂಪವೆಂಬ ಎಣಿಕೆ. ವಿಕ್ಟೋರಿಯಾ ರಾಣಿಯ ಮುಖವುಳ್ಳ 1862ರ ಬೆಳ್ಳಿಯ ರೂಪಾಯಿಯನ್ನು ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಅಪೂರ್ವ ವಸ್ತುವೆಂದು ಕಾಪಾಡಿದ್ದಾರೆ. ಅಜ್ಜಿಯ ನೆನಪಿಗೆ ಅದು ಅಪೂರ್ವವೇ ಸರಿ, ಮಾರುಕಟ್ಟೆಗಲ್ಲ. ಏಕೆಂದರೆ 1862ನೆಯ ಇಸವಿಯನ್ನೇ ಉಳಿಸಿಕೊಂಡು 1874ರವರೆಗೂ ಟಂಕಸಾಲೆಗಳು ಆ ರೂಪಾಯಿಯನ್ನು ಕೋಟಿಗಟ್ಟಲೆ ಅಚ್ಚುಹಾಕಿದುವು. ಇದಕ್ಕೆ ವಿರುದ್ಧವಾಗಿ ನಮ್ಮ ತಂದೆಯರು ಕಣ್ಣಾರೆ ಕಂಡ 1939ರ ಆರನೆಯ ಜಾರ್ಜನ ರೂಪಾಯಿಯು ಬಲು ವಿರಳ. ಅದರಲ್ಲಿ ಬಹುಪಾಲು ಮತ್ತೆ ಕರಗಿಹೋಯಿತೆಂದು ಬಲ್ಲವರು ಹೇಳುತ್ತಾರೆ. ಐದನೆಯ ಜಾರ್ಜನ 1911ರ ರೂಪಾಯಿಯ ಕಥೆ ಇನ್ನೂ ವಿಚಿತ್ರವಾದುದು. ಅರಸನ ನಿಲುವಂಗಿಯ ಮೇಲಣ ಪದಕದಲ್ಲಿದ್ದ ಆನೆಯು ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತಾಗಿ ಜನರಲ್ಲಿ ಅಸಮಾಧಾನವೆದ್ದಿತು. ಸರಕಾರವು ನಾಣ್ಯವನ್ನು ಹಿಂದಕ್ಕೆ ಪಡೆದು ಕರಗಿಸಿ, 1912ರಿಂದ ಆನೆಯನ್ನು ಆನೆಯಾಗಿಯೇ ಕೆತ್ತಿಸಿತು. ಹೀಗೆ ನಾಣ್ಯದ ಬೆಲೆಯು ಅದರ ವಯಸ್ಸಿನಿಂದಲ್ಲ, ಅದು ಎಷ್ಟು ಉಳಿದಿದೆ, ಎಂಥ ಸ್ಥಿತಿಯಲ್ಲಿ ಉಳಿದಿದೆ, ಎಷ್ಟು ಜನ ಅದನ್ನು ಬಯಸುತ್ತಾರೆ ಎಂಬುದರಿಂದ ನಿರ್ಣಯವಾಗುತ್ತದೆ. ಇದನ್ನು ಸಂಗ್ರಾಹಕರಿಗಿಂತ ಮೊದಲು ಕಳ್ಳರು ಕಲಿತಿದ್ದಾರೆ. 1938ರ ರೂಪಾಯಿಯ ಎಂಟನ್ನು ಒಂಬತ್ತಾಗಿ ತಿದ್ದಿದ ನಾಣ್ಯಗಳು ಕೈಯಿಂದ ಕೈಗೆ ಹೋಗುತ್ತಿವೆ. ಭೂತಗನ್ನಡಿಯಲ್ಲಿ ಆ ಒಂದು ಅಂಕವನ್ನೂ ಅದರ ಸುತ್ತಣ ನೆಲವನ್ನೂ ನೋಡುವಷ್ಟು ತಾಳ್ಮೆಯಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು.

ಬೆಳ್ಳಿಯ ಲೆಕ್ಕದಲ್ಲಿಯೂ ಇದೇ ಅಲಕ್ಷ್ಯ. 1835ರ ಕಾನೂನಿನ ಮೇರೆಗೆ ರೂಪಾಯಿಯ ತೂಕವು 180 ಗ್ರೇನು, ಎಂದರೆ 11.66 ಗ್ರಾಮು, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲು. ಮೂರಕ್ಕೂ ತೂಕ, ಗಾತ್ರಗಳು ಹೆಚ್ಚುಕಡಮೆ ಒಂದೇ ಆದುದರಿಂದ 1944ರ ರೂಪಾಯಿಯನ್ನು ಚೊಕ್ಕ ಬೆಳ್ಳಿಯೆಂದು ಕೊಂಡವರು ಇದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ನಾಣ್ಯದ ಮೇಲಣ ಇಸವಿಯನ್ನು ಓದಲು ಬಾರದೆ ಮೋಸಹೋಗುವವರ ಸಂಖ್ಯೆಯೂ ಸಣ್ಣದಲ್ಲ. ನಮ್ಮ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ, ಆನೆಯ ಚಿತ್ರವುಳ್ಳ ಟಿಪ್ಪು ಸುಲ್ತಾನನ ತಾಮ್ರದ ಕಾಸುಗಳನ್ನೇ ನೋಡಿ. ಅವನು ಪಟ್ಟಕ್ಕೆ ಬಂದಾಗ ಹಿಜರಿ ಶಕೆ 1197 ನಡೆಯುತ್ತಿದ್ದಿತು. ಅದು ನಮ್ಮ ಲೆಕ್ಕದಲ್ಲಿ ಕ್ರಿ.ಶ. 1782-83. ಮುಂದೆ ಅವನು ಪೈಗಂಬರರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಕೆಗೆ ತಂದು, ಅದರ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದುದರಿಂದ 1215 ಎಂಬುದು ಎಡದಿಂದ ಓದುವವನಿಗೆ 5121 ಎಂದು ಕಾಣುತ್ತದೆ. ಇಷ್ಟನ್ನು ಅರಿಯದ ಒಬ್ಬನು ಅದನ್ನು ಖೋಟಾ ಎಂದು ಬಿಸುಟಾನು. ಅರ್ಧ ಅರಿತ ಇನ್ನೊಬ್ಬನು 1215ನ್ನು ಕ್ರಿಸ್ತಶಕವೆಂದು ತಿಳಿದು ಎಂಟು ನೂರು ವರ್ಷಗಳ ನಾಣ್ಯವೆಂದು ಹಿಗ್ಗಿ ಹಣ ಸುರಿದಾನು. ಬಂಗಾಳದಲ್ಲಿ ಕಂಪನಿಯವರು ಶಾ ಆಲಮನ ಪಟ್ಟದ ಹತ್ತೊಂಬತ್ತನೆಯ ವರ್ಷವನ್ನು ಹಾಗೆಯೇ ಉಳಿಸಿಕೊಂಡು ದಶಕಗಳ ಕಾಲ ರೂಪಾಯಿಗಳನ್ನು ಅಚ್ಚುಹಾಕಿದರು. ನಾಣ್ಯವು ಹೇಳುವ ವರ್ಷವೆಲ್ಲವೂ ನಾಣ್ಯ ಹುಟ್ಟಿದ ವರ್ಷವಲ್ಲ.

ಪರರ ತಪ್ಪುಗಳನ್ನು ಇಷ್ಟು ಎಣಿಸಿದ ಮೇಲೆ ನಮ್ಮದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಲವು ವರ್ಷಗಳ ಕೆಳಗೆ ಈ ಲೇಖಕನು ವ್ಯಾಪಾರಿಯೊಬ್ಬರಿಂದ ಕೃಷ್ಣದೇವರಾಯನ ಒಂದು ವರಹವನ್ನು ಮಾರುಕಟ್ಟೆಯ ಬೆಲೆಯ ಅರ್ಧಕ್ಕೆ ಕೊಂಡು ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ. ಒಂದು ಬದಿಯಲ್ಲಿ ಕುಳಿತ ಬಾಲಕೃಷ್ಣ, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ “ಶ್ರೀ ಪ್ರತಾಪ ಕೃಷ್ಣರಾಯ”, ಎಲ್ಲವೂ ಇದ್ದಿತು. ಪರಿಚಯದ ಅಕ್ಕಸಾಲಿಗರೊಬ್ಬರು ಅದನ್ನು ತಕ್ಕಡಿಗೆ ಹಾಕಿದರು. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಮು ಇರತಕ್ಕದ್ದು. ಇದು ಮೂರು ಗ್ರಾಮನ್ನೂ ಮುಟ್ಟಲಿಲ್ಲ. ಒರೆಗಲ್ಲಿನ ಮೇಲೆ ಎಳೆದ ಗೆರೆಯೂ ಪೇಲವವಾಗಿದ್ದಿತು. ಭೂತಗನ್ನಡಿಯಲ್ಲಿ ನೋಡಲಾಗಿ ಅಂಚಿನ ಸುತ್ತ ಬೆಸೆದಂಥ ಒಂದು ಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು. ಅಚ್ಚಿನ ಪೆಟ್ಟಿನಿಂದ ಮೂಡದೆ ಎರಕದಿಂದ ಹುಟ್ಟಿದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. “ಸ್ವಾಮಿ, ತಾವು ಕೊಂಡದ್ದು ನಾಣ್ಯವನ್ನಲ್ಲ, ಅವರು ಹೇಳಿದ ಕಥೆಯನ್ನು” ಎಂದು ಆ ಅಕ್ಕಸಾಲಿಗರು ನಕ್ಕರು. ಅವರ ತಕ್ಕಡಿ ನಮ್ಮ ಮನೆಯಿಂದ ಎರಡು ಬೀದಿಗಳ ಆಚೆಗಿದ್ದಿತು. ಕೊಳ್ಳುವ ಮೊದಲು ಅಲ್ಲಿಗೆ ಹೋಗದಿದ್ದುದಕ್ಕೆ ಕಾರಣ ಒಂದೇ: ಇಷ್ಟು ಅಗ್ಗವಾದುದು ಕೈತಪ್ಪಿಹೋದೀತೆಂಬ ಅವಸರ. ಇಂದೇ ಕೊಳ್ಳಬೇಕೆಂದು ಅವಸರಪಡಿಸುವ ವ್ಯಾಪಾರಿಯಲ್ಲಿ ಎಂದೂ ಕೊಳ್ಳಬಾರದೆಂಬುದು ನಾವು ತೆತ್ತು ಕಲಿತ ಪಾಠ.

ಇನ್ನೊಂದು ತಪ್ಪು ಕೊಂಡ ಮೇಲೆ ನಡೆಯುವಂಥದು. ನಮ್ಮ ಮನೆಗಳಲ್ಲಿ ತಾಮ್ರವು ಕಪ್ಪಾದರೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ವಾಡಿಕೆ. ಬಿಂದಿಗೆಗೆ ಅದು ಸರಿ, ನಾಣ್ಯಕ್ಕೆ ಅದು ಮರಣ. ನೂರಾರು ವರ್ಷಗಳಲ್ಲಿ ಲೋಹದ ಮೇಲೆ ತಾನಾಗಿ ಕಟ್ಟಿದ ಪೊರೆಯೇ ನಾಣ್ಯದ ಕವಚ, ಅದೇ ಅದರ ವಯಸ್ಸಿನ ಸಾಕ್ಷಿ. ಹುಳಿಯೊಡನೆ ಆ ಪೊರೆಯೂ, ಅದರ ಕೆಳಗಿನ ಅಕ್ಷರದ ಅಂಚುಗಳೂ ಹೋಗುತ್ತವೆ. ಫಳಫಳನೆ ಹೊಳೆಯುವ ಟಿಪ್ಪುವಿನ ಕಾಸನ್ನು ಕಂಡರೆ ಬಲ್ಲವರು ಬೆಲೆಯನ್ನು ಅರ್ಧಕ್ಕಿಳಿಸುತ್ತಾರೆ.

ಹಾಗಾದರೆ ನಿಜವಾದ ಅಗ್ಗವೆಂಬುದು ಇಲ್ಲವೇ? ಉಂಟು, ಬೇಕಾದಷ್ಟು ಉಂಟು. ಆದರೆ ಅದು ಎಲ್ಲರೂ ಹುಡುಕುವಲ್ಲಿ ಇಲ್ಲ. ಸಂತೆಯ ಮೂಲೆಯ ಗುಜರಿ ಅಂಗಡಿಗಳಲ್ಲಿ, ಹಳೆಯ ತಾಮ್ರ ಹಿತ್ತಾಳೆಗಳ ರಾಶಿಯಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳು ಲೋಹದ ತೂಕಕ್ಕೆ ಸಿಕ್ಕಿರುವುದುಂಟು. ಆನೆ ಅಥವಾ ಸಿಂಹದ ಚಿತ್ರವುಳ್ಳ ಆ ತಾಮ್ರದ ನಾಣ್ಯಗಳ ಮೇಲೆ ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಶ್ ಎಂಬುದರೊಡನೆ ನಮ್ಮ ಲಿಪಿಯಲ್ಲಿಯೇ “ಮಯಿಲಿ ಕಾಸು” ಎಂದು ಬರೆದಿದೆ. ಮೈಸೂರಿನ ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿಹೋಯಿತು. ಅದರ ಕೊನೆಯ ಮಾತುಗಳು ಇವು. ಹೊಯ್ಸಳ ವಿಷ್ಣುವರ್ಧನನು 1116ರಲ್ಲಿ ತಲಕಾಡನ್ನು ಗೆದ್ದ ಸಂಭ್ರಮವನ್ನು ಚಿನ್ನದ ಮೇಲೆ “ಶ್ರೀ ತಳಕಾಡುಗೊಂಡ” ಎಂದು ಹಳಗನ್ನಡದ ಅಕ್ಷರಗಳಲ್ಲಿ ಮೂಡಿಸಿದನು. ಇವನ್ನು ಓದಬಲ್ಲ ಹತ್ತು ಜನ ಒಂದು ತಾಲ್ಲೂಕಿನಲ್ಲಿ ಸಿಕ್ಕುವುದು ಕಷ್ಟ. ಓದಬಲ್ಲವರಿಲ್ಲದುದರಿಂದಲೇ ಅವು ಅಗ್ಗ. ಓದಬಲ್ಲವರಿಲ್ಲದುದರಿಂದಲೇ ಅವು ಕುಲುಮೆಗೂ ಹೋಗುತ್ತವೆ.

ಈ ಅಗ್ಗವನ್ನು ಮೊದಲು ಕಂಡುಕೊಂಡವರು ನಾವಲ್ಲವೆಂಬುದು ನಾಚಿಕೆಯ ಸಂಗತಿ. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ನಮ್ಮ ನಾಡಿನ ನಾಣ್ಯಗಳನ್ನು ಕೂಡಿಸಿ, ಓದಿ, 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥವನ್ನು ಪ್ರಕಟಿಸಿದನು. ಅವನ ಸಂಗ್ರಹವು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿತು. 1889ರಲ್ಲಿ ಟಫ್ನೆಲ್ ಎಂಬ ಸೈನ್ಯಾಧಿಕಾರಿಯು ದಕ್ಷಿಣದ ನಾಣ್ಯ ಸಂಗ್ರಾಹಕರಿಗೆ ಸೂಚನೆಗಳ ಪುಸ್ತಕವನ್ನೇ ಬರೆದನು. ಅವರು ನಮ್ಮ ವಸ್ತುಗಳನ್ನು ಕೊಂಡೊಯ್ದರೆಂದು ನಾವು ಕೋಪಿಸಿಕೊಳ್ಳಬಹುದು. ಅವರು ಕೊಳ್ಳದಿದ್ದರೆ ಆ ನಾಣ್ಯಗಳಲ್ಲಿ ಎಷ್ಟೋ ಕರಗಿ ಬಳೆಯೂ ತಾಳಿಯೂ ಆಗುತ್ತಿದ್ದುವೆಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮವರು ನಿದ್ರಿಸಿದರೆಂದಲ್ಲ. ಮೈಸೂರಿನ ಡಾಕ್ಟರ್ ಎಂ. ಎಚ್. ಕೃಷ್ಣ ಅವರು 1929ರ ವೇಳೆಗೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನು ಅಗೆಸಿದರು. 1947ರಲ್ಲಿ ವೀಲರ್ ಅಲ್ಲಿ ಮತ್ತೆ ಅಗೆಸಿದನು. ಆ ನೆಲದಿಂದ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಹೊರಬಂದುವು. ಸೀಸದ ಆ ಬಿಲ್ಲೆಯು ಕಪ್ಪಗೆ, ಒರಟಾಗಿ, ಮೀನಿನ ಬಲೆಯ ಗುಂಡಿನಂತೆ ಕಾಣುತ್ತದೆ. ಅದನ್ನು ಬೀದಿಯಲ್ಲಿ ಕಂಡರೆ ನಮ್ಮಲ್ಲಿ ಯಾರು ಬಗ್ಗಿ ಎತ್ತಿಕೊಂಡಾರು? ಆದರೆ ಮಹಾರಠಿಗಳು ಆ ಸೀಮೆಯಲ್ಲಿ ಅಧಿಕಾರ ನಡೆಸಿದರೆಂಬುದಕ್ಕೂ, ಎರಡು ಸಾವಿರ ವರ್ಷಗಳ ಹಿಂದೆ ಆ ಬೆಟ್ಟದ ತಪ್ಪಲಿಗೆ ಸಮುದ್ರದಾಚೆಯ ಹಣವು ಬರುತ್ತಿದ್ದಿತೆಂಬುದಕ್ಕೂ ಆ ಸೀಸ, ಆ ಬೆಳ್ಳಿಗಳೇ ಸಾಕ್ಷಿಗಳು. ಅವು ಸಿಕ್ಕಿದ ಸ್ಥಳ ಇಂಥದೆಂದು ಗೊತ್ತಿರುವುದರಿಂದಲೇ ಸಾಕ್ಷಿಯು ನಿಂತಿತು.

ನಾವು ಮೊದಲಿನಲ್ಲಿ ಹೇಳಿದ ಮೂರನೆಯ ಪಕ್ಷದ ನಷ್ಟವಿರುವುದು ಇಲ್ಲಿಯೇ. ಹೊಲ ಉಳುವಾಗ ಒಬ್ಬ ರೈತನಿಗೆ ಒಂದು ಗಡಿಗೆ ನಾಣ್ಯ ಸಿಕ್ಕಿತೆನ್ನಿ. ಅವನು ಹೆದರಿ ರಾತ್ರಿಯಲ್ಲಿ ಅದನ್ನು ದಳ್ಳಾಳಿಗೆ ಲೋಹದ ಬೆಲೆಗೆ ಮಾರುತ್ತಾನೆ. ದಳ್ಳಾಳಿಯು ಹತ್ತು ಮಂದಿಗೆ ಹಂಚುತ್ತಾನೆ. ಹತ್ತು ಮಂದಿಯೂ ತಮಗೆ ಅಗ್ಗವಾಯಿತೆಂದು ಹಿಗ್ಗುತ್ತಾರೆ. ಆದರೆ ಆ ಗಡಿಗೆಯಲ್ಲಿ ಯಾವ ಯಾವ ಅರಸರ ನಾಣ್ಯಗಳು ಒಟ್ಟಿಗೆ ಇದ್ದುವು, ಎಷ್ಟಿದ್ದುವು, ಯಾವ ಊರಿನ ಯಾವ ಹೊಲದಲ್ಲಿದ್ದುವು ಎಂಬ ಸಂಗತಿಯು ಅಂದೇ ಸತ್ತುಹೋಯಿತು. ಯಾವ ಅರಸನ ಹಣ ಯಾವ ಸೀಮೆಯಲ್ಲಿ ನಡೆಯುತ್ತಿದ್ದಿತು, ಯಾರ ನಂತರ ಯಾರು ಬಂದರು, ಯಾವ ಭಯದಿಂದ ಅದನ್ನು ಹೂಳಿದರು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಪುಟವೊಂದನ್ನು ಹರಿದು ಹತ್ತು ಚೂರು ಮಾಡಿದಂತಾಯಿತು. ಇಂಥ ಅಗ್ಗವನ್ನು ಅಗ್ಗವೆನ್ನಲು ನಮಗೆ ಬಾಯಿ ಬಾರದು.

ಕಾನೂನು ಇಲ್ಲವೆಂದಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು 1878ರ ಕಾಯಿದೆಯೇ ವಿಧಿಸಿತು. 1972ರ ಪುರಾವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಮೆಯಲ್ಲದ ನಾಣ್ಯವು ಪುರಾವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಕೂಡದು. ಅದರ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಆದರೆ ರೈತನ ಮನಸ್ಸಿನಲ್ಲಿ ಸರಕಾರಕ್ಕೆ ತಿಳಿಸಿದರೆ ನಿಧಿಯೂ ಹೋಯಿತು, ಕೋರ್ಟು ಕಚೇರಿಯ ಅಲೆದಾಟವೂ ಬಂದಿತು ಎಂಬ ಭಯ ಬೇರೂರಿದೆ. ಈ ಭಯ ಹೋಗುವವರೆಗೆ ಕಾನೂನು ಕಾಗದದಲ್ಲಿಯೇ ಉಳಿಯುತ್ತದೆ. ನಿಧಿಯನ್ನು ಒಪ್ಪಿಸಿದವನಿಗೆ ನ್ಯಾಯವಾದ ಪ್ರತಿಫಲವನ್ನು ತಡಮಾಡದೆ ಕೊಟ್ಟು, ಅವನ ಹೆಸರನ್ನು ಗೌರವದಿಂದ ಪ್ರಕಟಿಸುವುದು ಅಧಿಕಾರಿಗಳ ಕೆಲಸ. ಸರಿಯಾದ ರಸೀದಿಯಿಲ್ಲದ, ಮಣ್ಣಿನ ವಾಸನೆ ಇನ್ನೂ ಆರದ ನಾಣ್ಯಗಳನ್ನು ಎಷ್ಟು ಅಗ್ಗವಾದರೂ ಮುಟ್ಟದಿರುವುದು ಸಂಗ್ರಾಹಕರ ಕೆಲಸ. ಕೊಳ್ಳುವವರಿಲ್ಲದಿದ್ದರೆ ದಳ್ಳಾಳಿಯು ರಾತ್ರಿಯಲ್ಲಿ ಹಳ್ಳಿಗೆ ಹೋಗನು.

ಸಂಗ್ರಾಹಕರನ್ನು ನಾವು ಶತ್ರುಗಳೆಂದು ಎಣಿಸುವುದಿಲ್ಲ. ಕುಲುಮೆಯ ಬಾಯಿಂದ ನಾಣ್ಯಗಳನ್ನು ಉಳಿಸಿದವರಲ್ಲಿ ಅವರ ಪಾಲು ದೊಡ್ಡದು. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮೊದಲು ಪುಸ್ತಕವನ್ನು ಕೊಳ್ಳಿರಿ, ಆಮೇಲೆ ನಾಣ್ಯವನ್ನು ಕೊಳ್ಳಿರಿ, ಡಾಕ್ಟರ್ ಎ. ವಿ. ನರಸಿಂಹಮೂರ್ತಿ ಅವರು ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಂಥವನ್ನು ಓದಿದವನನ್ನು ಮೋಸಗೊಳಿಸುವುದು ಸುಲಭವಲ್ಲ. ಒಂದು ಸಣ್ಣ ತಕ್ಕಡಿ, ಒಂದು ಭೂತಗನ್ನಡಿ ಸದಾ ಜೊತೆಯಲ್ಲಿರಲಿ. ಎಲ್ಲ ಕಾಲದ, ಎಲ್ಲ ದೇಶದ ನಾಣ್ಯಗಳಿಗೆ ಕೈಚಾಚದೆ, ನಿಮ್ಮ ಸೀಮೆಯನ್ನಾಳಿದ ಒಂದು ಮನೆತನವನ್ನೇ ಹಿಡಿದು ಆಳವಾಗಿ ತಿಳಿಯಿರಿ. ಎಲ್ಲಿ, ಯಾರಿಂದ, ಎಷ್ಟಕ್ಕೆ ಕೊಂಡಿರೆಂಬುದನ್ನೂ, ಅದು ಎಲ್ಲಿಂದ ಬಂದಿತೆಂಬುದನ್ನೂ ಅಂದೇ ಒಂದು ಪುಸ್ತಕದಲ್ಲಿ ಬರೆದಿಡಿರಿ. ವಿಶ್ವವಿದ್ಯಾನಿಲಯಗಳೂ ವಸ್ತುಸಂಗ್ರಹಾಲಯಗಳೂ ತಮ್ಮ ಗಾಜಿನ ಪೆಟ್ಟಿಗೆಗಳ ಮೇಲೆ “ಪ್ರಾಚೀನ ನಾಣ್ಯಗಳು” ಎಂದು ಬರೆದು ಕೈತೊಳೆದುಕೊಳ್ಳದೆ, ಆ ಅಕ್ಷರಗಳನ್ನು ಓದುವುದನ್ನು ಹುಡುಗರಿಗೆ ಕನ್ನಡದಲ್ಲಿ ಕಲಿಸುವ ಏರ್ಪಾಡು ಮಾಡಬೇಕು. ರಜೆಯಲ್ಲಿ ಒಂದು ವಾರದ ತರಗತಿಗೆ ದೊಡ್ಡ ವೆಚ್ಚವೇನೂ ತಗಲದು.

ಗದ್ಯಾಣ, ವರಹ, ಹಣ, ಹಾಗ, ವೀಸ, ಕಾಸು ಎಂಬ ಮಾತುಗಳು ನಮ್ಮ ಶಾಸನಗಳಲ್ಲಿಯೂ, ಹಳೆಯ ಲೆಕ್ಕದ ಕಡತಗಳಲ್ಲಿಯೂ, ನಮ್ಮ ಅಜ್ಜಂದಿರ ಬಾಯಲ್ಲಿಯೂ ನೂರಾರು ವರ್ಷ ಬಾಳಿದುವು. ಮಾತುಗಳು ಹೋಗುತ್ತಿವೆ, ಲೋಹವು ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಅಗ್ಗಕ್ಕೆ ಕೊಂಡೆನೆಂದು ಹೆಮ್ಮೆಪಡುವವನು ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದರ ಮೇಲೆ ಏನು ಬರೆದಿದೆಯೆಂಬುದು ನನಗೆ ಗೊತ್ತೇ? ಗೊತ್ತಿದ್ದರೆ ಅವನು ಕೊಟ್ಟ ಬೆಲೆ ಎಷ್ಟೇ ಆಗಲಿ, ನಷ್ಟಪಟ್ಟವನಲ್ಲ. ಗೊತ್ತಿಲ್ಲದಿದ್ದರೆ ಪುಕ್ಕಟೆಯಾಗಿ ಬಂದರೂ ಅದು ಅವನಿಗೆ ದುಬಾರಿಯೇ.